ಮೂಲೆಯಲ್ಲಿ ಎರಡು ಹೆಸರು

ತಾಳಿಕೋಟೆಯ ಪೇಂಟರರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲುಗಳಲ್ಲಿ ಬಂದಿತ್ತು. ನಾಲ್ಕು ಸಾಲುಗಳಲ್ಲಿ ಮೂರು ತಪ್ಪುಗಳು. ಅವರನ್ನು ಮುದ್ದೇಬಿಹಾಳದವರು ಎಂದಿದ್ದರು. ಅಲ್ಲ, ಮುದ್ದೇಬಿಹಾಳದವನು ನಾನು. ಚಿತ್ರಕಲಾವಿದರು ಎಂದಿದ್ದರು, ಅವರು ಜನ್ಮದಲ್ಲಿ ಒಂದು ಚಿತ್ರ ಬರೆದವರಲ್ಲ, ಅಂಗಡಿಗಳ ಬೋರ್ಡು ಬರೆಯುವವರು. ತಮ್ಮ ಅಕ್ಷರಗಳನ್ನು ‘ಬೇರೆಯವರಿಗೆ ಬಿಟ್ಟುಕೊಟ್ಟರು’ ಎಂದಿದ್ದರು; ಅವರು ಬಿಟ್ಟುಕೊಟ್ಟದ್ದು ಎಲ್ಲರಿಗೆ. ಮೂರನೆಯ ತಪ್ಪು ಉಳಿದೆರಡಕ್ಕಿಂತ ದೊಡ್ಡದು. ಸಂಪಾದಕರಿಗೆ ಅಂದೇ ತಿದ್ದುಪಡಿ ಬರೆದು ಕಳುಹಿಸಿದೆ. ಅಚ್ಚಾಗಲಿಲ್ಲ. ಒಂದು ತಿಂಗಳು ಕಾದು ಈ ಬರಹಕ್ಕೆ ಕುಳಿತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜೀವಮಾನದಲ್ಲಿ ಅವರು ನನಗೆ ಬರೆದದ್ದು ಒಂದೇ ಒಂದು ಕಾಗದ. ಅದರಲ್ಲಿ ನನ್ನ ಹೆಸರನ್ನು ಬರೆಯದೆ ‘ಪ್ರೆಸ್ಸಿನವರಿಗೆ’ ಎಂದು ಹಾಕಿದ್ದರು. ನನ್ನ ಹೆಸರು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷಗಳ ಮೇಲಾದರೂ ಅದಕ್ಕೊಂದು ಉತ್ತರವಿರಲಿ. ಹೆಸರು ಬೇಕಾದವರು ಅವರ ಬೋರ್ಡುಗಳ ಬಲಗಡೆಯ ಕೆಳಮೂಲೆಯಲ್ಲಿ ನೋಡಿಕೊಳ್ಳಬಹುದು. ಹೆಸರಿಗೆ ಅದೇ ಸರಿಯಾದ ಜಾಗವೆಂದು ಸಾಯುವವರೆಗೆ ಸಾಧಿಸಿದವರು ಅವರೇ.

ನಾನು ಮೂವತ್ತೆಂಟು ವರ್ಷ ಮುದ್ದೇಬಿಹಾಳದಲ್ಲಿ ಮುದ್ರಣಾಲಯ ನಡೆಸಿದವನು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಲಗ್ನಪತ್ರಿಕೆ, ಶಾಲೆಯ ಪ್ರಶ್ನಪತ್ರಿಕೆ, ಸೊಸೈಟಿಯ ನೋಟೀಸು ಇವನ್ನೆಲ್ಲ ಅಚ್ಚು ಹಾಕುತ್ತಿದ್ದೆ. ಪ್ರೂಫನ್ನು ಮೂರು ಸಲ ಓದದೆ ಒಂದು ಕರಪತ್ರವನ್ನೂ ಹೊರಗೆ ಬಿಟ್ಟವನಲ್ಲ. ನನ್ನ ಕೈಯಲ್ಲಿ ಅಚ್ಚಾದ ಪ್ರತಿಯೊಂದರ ಒಂದು ಪ್ರತಿಯನ್ನು ಕಡತದಲ್ಲಿ ಇಟ್ಟಿದ್ದೇನೆ. ಇನ್ನೊಂದು ಕಡತವೂ ಇದೆ. ಅದರ ಬೆನ್ನಿನ ಮೇಲೆ ‘ಅವಮಾನ’ ಎಂದು ಬರೆದಿದೆ. ಯಾರು, ಎಲ್ಲಿ, ಯಾರೆದುರು, ಯಾವ ಮಾತಿನಲ್ಲಿ ಎಂಬುದೆಲ್ಲ ತಾರೀಖಿನೊಂದಿಗೆ ಅದರಲ್ಲಿದೆ. ಪೇಂಟರರ ಪಾಲಿನ ಪುಟಗಳು ಅದರಲ್ಲಿ ಕಡಿಮೆಯಿಲ್ಲ.

ಮೊದಲನೆಯದು ನಿಡಗುಂದಿಯಲ್ಲಿ ನಡೆದದ್ದು. ಹೆದ್ದಾರಿಯ ಪಕ್ಕದ ಒಂದು ಖಾನಾವಳಿಯ ಬೋರ್ಡನ್ನು ಅವರು ಬರೆಯುತ್ತಿದ್ದರು. ನಾನು ಬಸ್ಸು ಕಾಯುತ್ತ ನಿಂತಿದ್ದೆ. ಸುಣ್ಣ ತೀಡಿದ ದಾರವನ್ನು ಬೋರ್ಡಿನ ಎರಡೂ ತುದಿಗೆ ಬಿಗಿದು ಒಮ್ಮೆ ಮೀಟಿದರು. ಬಿಳಿಯ ಗೆರೆ ಬಿತ್ತು. ಇನ್ನೊಮ್ಮೆ ಮೀಟಿದರು. ಆ ಎರಡು ಗೆರೆಗಳಷ್ಟೇ ಅವರ ಸಿದ್ಧತೆ. ಪೆನ್ಸಿಲ್ ಮುಟ್ಟಲಿಲ್ಲ. ಎಡಗೈಯ ಕೋಲನ್ನು ಬೋರ್ಡಿಗೆ ಆನಿಸಿ, ಅದರ ಮೇಲೆ ಬಲಗೈಯ ಮಣಿಕಟ್ಟನ್ನು ಊರಿ, ಕುಂಚವನ್ನು ಇಟ್ಟಲ್ಲಿಂದ ಎತ್ತದೆ ಒಂದು ಅಕ್ಷರವನ್ನು ಮುಗಿಸುತ್ತಿದ್ದರು. ಅವರ ಅಕ್ಷರಗಳು ಸ್ವಲ್ಪ ಮುಂದಕ್ಕೆ ಬಾಗಿ, ಹೊಟ್ಟೆ ತುಂಬಿಕೊಂಡು, ಎಲ್ಲಿಗೋ ಹೊರಟಂತೆ ಇರುತ್ತಿದ್ದವು. ‘ಬಸ್ಸು ನಿಲ್ಲೂದಿಲ್ರಿ. ಅಕ್ಷರನ ಓಡಿಹೋಗಿ ಡ್ರೈವರನ ಕಣ್ಣಿಗೆ ಬೀಳಬೇಕು’ ಎಂಬುದು ಅವರ ವಾದ.

ಬೋರ್ಡು ಮುಗಿದ ಮೇಲೆ ಅದನ್ನು ಹೊತ್ತು ರಸ್ತೆ ದಾಟಿ ಎದುರಿನ ಗೋಡೆಗೆ ಒರಗಿಸಿ, ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಮುದುಕಿಯನ್ನು ನಿಲ್ಲಿಸಿದರು.

‘ಯಮ್ಮಾ, ನಿನಗ ಓದಾಕ ಬರ್ತೈತೇನು?’

‘ಇಲ್ಲೋ ಯಪ್ಪಾ.’

‘ಹಂಗಾರ ನೀನ ಹೇಳು. ಇದರಾಗ ಯಾ ಅಕ್ಷರ ಕುಂಟಾಕತ್ತೈತಿ?’

ಮುದುಕಿ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನೋಡಿ, ಒಂದಕ್ಕೆ ಬೆರಳು ಮಾಡಿದಳು. ‘ಅದ ನೋಡು, ಹೊಟ್ಟಿಬ್ಯಾನಿ ಹತ್ತಿದವ್ರಂಗ ಮುದುಡೇತಿ.’ ಅವರು ಎಣ್ಣೆಯ ಬಟ್ಟೆಯಿಂದ ಆ ಅಕ್ಷರವನ್ನು ಒರೆಸಿ ಮತ್ತೆ ಬರೆದರು.

ನನಗೆ ತಡೆಯಲಾಗಲಿಲ್ಲ. ‘ಏನ್ರಿ ಪೇಂಟರ, ಓದಲಿಕ್ಕೆ ಬಾರದವರಿಗೆ ಅಕ್ಷರದ ಪರೀಕ್ಷಾ ಕೊಡತೀರಿ, ಇಲ್ಲೆ ನಾವು ನಿಂತದ್ದು ಕಾಣಂಗಿಲ್ಲೇನು?’

‘ನೀವು ಓದಿ ಬಿಡ್ತೀರಿ ರಾಯರ,’ ಎಂದರು. ‘ಓದಿದವರು ನೋಡೂದಿಲ್ಲ.’

ಅಂದು ಸಂಜೆ ಮನೆಗೆ ಬಂದು ಬರೆದಿಟ್ಟೆ. ಆ ಮಾತು ನಿಜವಿರಬಹುದೆಂಬ ಅನುಮಾನವನ್ನು ಮಾತ್ರ ಬರೆದಿಡಲಿಲ್ಲ.

ಬೋರ್ಡಿನ ಮೂಲೆಯಲ್ಲಿ ಪೇಂಟರರು ಸಹಿ ಹಾಕುವುದು ಎಲ್ಲ ಕಡೆಯ ಪದ್ಧತಿ. ಇವರದು ಬೇರೆ. ಮೂಲೆಯಲ್ಲಿ ಎರಡು ಹೆಸರು ಬರೆಯುತ್ತಿದ್ದರು. ಮೇಲೆ ಇಂಡಿ ಪಟ್ಟಣದ ಒಬ್ಬ ಹಿರಿಯ ಪೇಂಟರರ ಹೆಸರು. ಲಿಂಬೆ ವ್ಯಾಪಾರಿಗಳ ಬೋರ್ಡು ಬರೆಯುತ್ತಿದ್ದ ಆ ಹಿರಿಯರೇ ಇವರಿಗೆ ಕುಂಚ ಹಿಡಿಸಿದವರು. ಕೆಳಗೆ, ಅರ್ಧ ಗಾತ್ರದಲ್ಲಿ, ತಮ್ಮದು. ಗುರುಗಳು ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೂ ಈ ಕ್ರಮ ತಪ್ಪಲಿಲ್ಲ. ಸಿಂದಗಿಯಿಂದ, ಬಸವನ ಬಾಗೇವಾಡಿಯಿಂದ ಬೇರೆ ಪೇಂಟರುಗಳು ಬಂದು ಇವರ ಬೋರ್ಡಿನ ಮೇಲೆ ಬಟರ್ ಪೇಪರ್ ಇಟ್ಟು ಅಕ್ಷರಗಳ ನಕಲು ತೆಗೆದುಕೊಳ್ಳುತ್ತಿದ್ದರು. ಹಾಗೆ ತೆಗೆಯುವಾಗ ಕಾಗದ ಜಾರದಂತೆ ಇನ್ನೊಂದು ತುದಿಯನ್ನು ಇವರೇ ಹಿಡಿದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಷರತ್ತು ಒಂದೇ: ಮೂಲೆಯ ಹೆಸರು ಬಿಡಬಾರದು, ಅದರ ಕೆಳಗೆ ನಿಮ್ಮ ಹೆಸರು ಸೇರಿಸಿ, ನಿಮ್ಮಿಂದ ಮತ್ತೊಬ್ಬ ಕೇಳಿದರೆ ನೀವೂ ಇಲ್ಲವೆನ್ನಬಾರದು. ಸಿಂದಗಿಯ ಒಂದು ಬೀಜದ ಅಂಗಡಿಯ ಬೋರ್ಡಿನ ಮೂಲೆಯಲ್ಲಿ ನಾಲ್ಕು ಹೆಸರುಗಳಿದ್ದವು. ‘ಐದನೇದಾಂವ ಬಂದ್ರ ನನ್ನ ಅಂಗಡಿ ಹೆಸರಿಗೆ ಜಾಗ ಇಲ್ರಿ’ ಎಂದು ಆ ಅಂಗಡಿಯವನು ಗೋಳಾಡುತ್ತಿದ್ದ.

ಒಮ್ಮೆ ನಾನು ಕೇಳಿದೆ: ‘ನಿಮ್ಮ ಅಕ್ಷರ ಒಯ್ದು ನಿಮ್ಮ ಗಿರಾಕಿನ್ನ ಒಯ್ತಾರ. ನೀವು ಕಾಗದ ಬ್ಯಾರೆ ಹಿಡದು ನಿಲ್ಲತೀರಿ. ಇದೇನು ಧರ್ಮಛತ್ರ ಅದ ಏನು?’

‘ಅಂವಾ ಬರದ್ರ ನನ್ನ ಕೈಯಾಗಿಂದು ಕಡಿಮಿ ಆಗ್ತೈತೇನ್ರಿ?’ ಎಂದು ಅವರು ಕುಂಚ ತೊಳೆಯುತ್ತ ಕೇಳಿದರು. ‘ನಮ್ಮಪ್ಪ ಕುರಿ ಕಾಯಾಂವ. ಕುರಿ ಬೆನ್ನಿಗೆ ಕಾವಿ ಬಣ್ಣದ ಗುರುತು ಹಾಕೂದು ನನ್ನ ಕೆಲಸ. ಮೊದಲ ಕುಂಚ ಹಿಡದದ್ದ ಅಲ್ಲೆ. ಗುರುತು ಹಾಕೂದು ಕಟ್ಟಿಹಾಕಾಕ ಅಲ್ರಿ ರಾಯರ. ಕುರಿ ಎಲ್ಲೆರ ಮೇಯಲಿ, ಯಾರ ಹಿಂಡಿಂದಂತ ಗೊತ್ತಾದ್ರ ಸಾಕು.’

ಇನ್ನು ಆ ಕಾಗದದ ವಿಷಯ. ನನ್ನ ಮುದ್ರಣಾಲಯಕ್ಕೆ ಹೊಸ ಬೋರ್ಡು ಬೇಕಾಗಿತ್ತು. ಅವರನ್ನೇ ಕರೆಸಿದೆ. ಆದರೆ ಅಚ್ಚಿನ ಮನೆಯ ಬೋರ್ಡು ಅಚ್ಚಿನ ಅಕ್ಷರದಲ್ಲೇ ಇರಬೇಕೆಂಬುದು ನನ್ನ ನಿಲುವಾಗಿತ್ತು. ಮೊಳೆಗಳಿಂದ ತೆಗೆದ ಪ್ರೂಫನ್ನೂ ಒಂದು ಅಡಿಪಟ್ಟಿಯನ್ನೂ ಅವರ ಕೈಗಿತ್ತು, ‘ಇದರ ಪ್ರಕಾರ, ಕೂದಲಷ್ಟೂ ವ್ಯತ್ಯಾಸ ಆಗಬಾರದು’ ಎಂದೆ. ಅವರು ಹೂಂಗುಟ್ಟಿದರು. ಬೋರ್ಡು ಬಂದಾಗ ಅದರ ಮೇಲಿದ್ದದ್ದು ಅವರದೇ ಅಕ್ಷರ. ನಾನು ಅದನ್ನು ಗೋಡೆಗೆ ಏರಿಸಲಿಲ್ಲ. ಹನ್ನೊಂದು ದೋಷಗಳನ್ನು ಪಟ್ಟಿ ಮಾಡಿ ರಿಜಿಸ್ಟರ್ಡ್ ಅಂಚೆಯಲ್ಲಿ ತಾಳಿಕೋಟೆಗೆ ಕಳುಹಿಸಿದೆ.

ಐದನೆಯ ದಿನ ತಾಳಿಕೋಟೆಯ ಬಸ್ಸಿನ ಕಂಡಕ್ಟರು ಒಂದು ಸುರುಳಿಯನ್ನು ತಂದುಕೊಟ್ಟ. ಹಳೆಯ ಕ್ಯಾಲೆಂಡರಿನ ಬೆನ್ನು. ಅದರ ತುಂಬ ಅಕಾರದಿಂದ ಹಿಡಿದು ಳಕಾರದವರೆಗೆ, ಒತ್ತುಗಳೂ ಅಂಕಿಗಳೂ ಸಹಿತ, ಅವರ ಪೂರ್ಣ ವರ್ಣಮಾಲೆ. ಕೆಳಗಿನ ಪಟ್ಟಿಯಲ್ಲಿ ಸಣ್ಣ ಅಕ್ಷರದ ಕೆಲವು ಸಾಲುಗಳು, ಮೂಲೆಯಲ್ಲಿ ಎರಡು ಹೆಸರು, ತಾರೀಖು. ಮೊದಲ ಸಾಲು ಹೀಗಿತ್ತು: ‘ಪ್ರೆಸ್ಸಿನವರಿಗೆ. ನಿಮ್ಮ ಅಕ್ಷರ ನೆಟ್ಟಗ ಅದಾವ, ಹೆಣ ಮಲಗಿಸಿದಂಗ.’

ಮುಂದಿನ ಸಾಲುಗಳನ್ನು ಓದುವ ಅಗತ್ಯ ನನಗೆ ಕಾಣಲಿಲ್ಲ. ಕೆಳಗಿನ ಪಟ್ಟಿಯನ್ನು ಹಿಂದಕ್ಕೆ ಮಡಚಿ, ಉಗುರಿನಿಂದ ತೀಡಿ, ಹಾಳೆಯನ್ನು ಅವಮಾನದ ಕಡತಕ್ಕೆ ಸೇರಿಸಿದೆ.

ಇಲ್ಲಿಯವರೆಗಿನದನ್ನು ಅನೇಕರಿಗೆ ಹೇಳಿದ್ದೇನೆ. ಮುಂದಿನದನ್ನು ಮನೆಯವರಿಗೂ ಹೇಳಿದವನಲ್ಲ.

ಕೆಲವು ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಲಗ್ನಪತ್ರಿಕೆ ಮಾಡುವ ಅಂಗಡಿಗಳು ಬಂದವು. ನನ್ನ ಮೊಳೆಗಳು ಸವೆದಿದ್ದವು. ಗಿರಾಕಿಗಳು ‘ಏನರ ಚಂದದ ಅಕ್ಷರ ಹಾಕ್ರಿ’ ಎನ್ನತೊಡಗಿದರು. ಒಂದು ದಿನ ಆ ಹಾಳೆಯನ್ನು ಕಡತದಿಂದ ತೆಗೆದು, ಮಡಿಕೆ ಬಿಚ್ಚದೆ, ಸೊಲ್ಲಾಪುರಕ್ಕೆ ಒಯ್ದು, ಅದರ ಅಕ್ಷರಗಳನ್ನು ಪದಗಳಾಗಿ ಜೋಡಿಸಿ ಅಚ್ಚಿಗೆ ಸತುವಿನ ಬ್ಲಾಕುಗಳನ್ನು ಮಾಡಿಸಿಕೊಂಡು ಬಂದೆ. ‘ಲಗ್ನಪತ್ರಿಕೆ’, ‘ಆಮಂತ್ರಣ’, ‘ಗೃಹಪ್ರವೇಶ’ ಮುಂತಾದ ತಲೆಬರಹಗಳೆಲ್ಲ ಅವರ ಅಕ್ಷರದಲ್ಲಿ ಅಚ್ಚಾಗತೊಡಗಿದವು. ಜನ ಮೆಚ್ಚಿದರು. ಇಂಡಿಯಿಂದಲೂ ಸಿಂದಗಿಯಿಂದಲೂ ಗಿರಾಕಿಗಳು ಬಂದರು. ಮೂಲೆಯಲ್ಲಿ ಯಾರ ಹೆಸರನ್ನೂ ಹಾಕಲಿಲ್ಲ. ನನ್ನನ್ನು ಅವಮಾನಿಸಲೆಂದು ಕಳುಹಿಸಿದ ಹಾಳೆ ಅದು. ಆ ಅವಮಾನವನ್ನು ನುಂಗಿದ ಮೇಲೆ ಹಾಳೆ ನನ್ನದೇ ಆಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನನ್ನ ಮಗಳ ಲಗ್ನಪತ್ರಿಕೆಯೂ ಅದೇ ಅಕ್ಷರದಲ್ಲಿ ಅಚ್ಚಾಯಿತು. ಊರಿನ ರೀತಿಯಂತೆ ತಾಳಿಕೋಟೆಗೂ ಹೋಗಿ ಅವರಿಗೆ ಕೊಟ್ಟೆ. ಅವರು ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಬಲಗಡೆಯ ಕೆಳಮೂಲೆಯ ಮೇಲೆ ಹೆಬ್ಬೆರಳಿಟ್ಟರು.

‘ಅಕ್ಷರ ಚಲೋ ಬಿದ್ದಾವ್ರಿ ರಾಯರ. ಮೂಲಿ ಅಷ್ಟ ಖಾಲಿ ಐತಿ.’

ಮದುವೆಯ ಹಿಂದಿನ ದಿನ ಕರೆಯದೆಯೇ ಬಣ್ಣದ ಡಬ್ಬಿಯೊಂದಿಗೆ ಬಂದು, ನಮ್ಮ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಮದುಮಕ್ಕಳ ಹೆಸರನ್ನು ಬರೆದರು. ಅಂಥ ಬರವಣಿಗೆಯನ್ನು ಆ ಓಣಿ ಮತ್ತೆ ಕಂಡಿಲ್ಲ. ಮೂಲೆಯಲ್ಲಿ ಎರಡು ಹೆಸರು ಹಾಕಿ, ಉಂಡು, ಮಗಳ ತಲೆಯ ಮೇಲೆ ಅಕ್ಷತೆ ಹಾಕಿ ಹೋದರು. ಖಾಲಿ ಮೂಲೆಯ ಮಾತನ್ನೂ ಗೋಡೆಯ ಮೂಲೆಯನ್ನೂ ನಾನು ಎರಡು ಬೇರೆ ಬೇರೆ ಅವಮಾನಗಳೆಂದು ಬರೆದುಕೊಂಡೆ.

ಆಮೇಲೆ ಫ್ಲೆಕ್ಸ್ ಬಂತು. ನನ್ನ ಯಂತ್ರ ನಿಂತಿತು. ಅವರ ಕುಂಚವೂ ನಿಂತಿತು. ಗೋಡೆಯ ಮೇಲಿದ್ದ ಬೋರ್ಡುಗಳನ್ನು ಇಳಿಸಿ ಆ ತಗಡನ್ನು ದನದ ಕೊಟ್ಟಿಗೆಗೆ ಹೊದಿಸಿದರು. ಕೊಲ್ಹಾರದ ಪೇಟೆಯಲ್ಲಿ ಅವರು ತಾರುಣ್ಯದಲ್ಲಿ ಬರೆದ ಗೋಡೆಗಳು ಹಳೆಯ ಊರಿನ ಜೊತೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ್ದವು. ಅದರ ಮೇಲೆ ಅವರ ಕೈಗೆ ನಡುಕ ಹತ್ತಿತು.

ಆ ಹೊತ್ತಿನಲ್ಲಿ ಅವರ ಬದುಕಿಗೆ ಒಬ್ಬ ತರುಣಿ ಬಂದಳು. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಬಿಡುವಿನ ವೇಳೆಯಲ್ಲಿ ಗೆಳೆಯರೊಂದಿಗೆ ಸೇರಿ ಕನ್ನಡದ ಫಾಂಟುಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಬಳಸುವ ಅಕ್ಷರಗಳನ್ನು, ಮಾಡಿ ಯಾರು ಬೇಕಾದರೂ ಬಳಸಲೆಂದು ಅಂತರ್ಜಾಲದಲ್ಲಿ ಇಡುವವಳು. ನಿಡಗುಂದಿಯ ಒಂದು ಹಿಟ್ಟಿನ ಗಿರಣಿಯ ಮೇಲೆ ಉಳಿದಿದ್ದ ಹಳೆಯ ಬೋರ್ಡನ್ನು ಬಸ್ಸಿನಿಂದ ಕಂಡು, ಅಲ್ಲೇ ಇಳಿದು, ಮೂಲೆಯ ಹೆಸರನ್ನು ಹಿಡಿದು ವಿಚಾರಿಸುತ್ತ ತಾಳಿಕೋಟೆಯ ಅವರ ಮನೆಯನ್ನು ಮುಟ್ಟಿದಳಂತೆ. ನಡುಗುವ ಕೈಯಿಂದ ಅವರು ಒಂದೊಂದು ಅಕ್ಷರವನ್ನು ಹತ್ತು ಸಲ, ಇಪ್ಪತ್ತು ಸಲ ಬರೆದರು. ಅವುಗಳಲ್ಲಿ ನಡುಗದ ಒಂದನ್ನು ಅವಳು ಆರಿಸಿಕೊಂಡಳು. ಹೀಗೆ ಒಂದು ವರ್ಷ ನಡೆಯಿತು.

ಕೊನೆಗೆ ಪರವಾನಗಿಯ ಷರತ್ತುಗಳನ್ನು ಓದಿ ಹೇಳಿದಳಂತೆ: ಯಾರು ಬೇಕಾದರೂ ಈ ಅಕ್ಷರಗಳನ್ನು ಬಳಸಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು, ಮೂಲದವರ ಹೆಸರನ್ನು ತೆಗೆಯಬಾರದು, ತಿದ್ದಿದ್ದನ್ನೂ ಇದೇ ಷರತ್ತಿನ ಮೇಲೆ ಎಲ್ಲರಿಗೂ ಬಿಡಬೇಕು. ಪೇಂಟರರು ಕೇಳಿ ಮುಗಿಸಿ, ‘ಇದು ನಮ್ಮ ಮೂಲಿ ಮಾತ ಅಲ್ಲೇನ ಯವ್ವಾ? ಇದಕ್ಕ ಇಷ್ಟ ಕಾಗದ ಯಾಕ ಬೇಕಾತು?’ ಎಂದರಂತೆ.

ಫಾಂಟು ಹೊರಬಂದ ಕೆಲವೇ ವಾರಗಳಲ್ಲಿ ತಕರಾರು ಬಂತು. ಜಿಲ್ಲಾ ಸ್ಥಳದ ಒಬ್ಬ ಫ್ಲೆಕ್ಸ್ ಅಂಗಡಿಯವನು ಇದೇ ಅಕ್ಷರಗಳನ್ನು ಎಷ್ಟೋ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಅವು ತನ್ನ ಸ್ವಂತ ರಚನೆಯೆಂದೂ ಪೇಂಟರರದೇ ಕಳವೆಂದೂ ವಕೀಲರಿಂದ ನೋಟೀಸು ಕೊಡಿಸಿದ. ಫಾಂಟನ್ನು ಇಟ್ಟಿದ್ದ ಜಾಲತಾಣದವರು, ಅಕ್ಷರ ಯಾರದೆಂದು ಪುರಾವೆ ಬರುವ ತನಕ ಅದನ್ನು ತೆಗೆದುಬಿಟ್ಟರು. ಪೇಂಟರರ ಬಳಿ ಪುರಾವೆ ಎಂಬುದೇ ಇರಲಿಲ್ಲ. ಹೊಸ ಬರವಣಿಗೆ ಪುರಾವೆಯಾಗಿ ನಡೆಯುವುದಿಲ್ಲ. ಹಳೆಯದರಲ್ಲಿ ತಾರೀಖು ಇದ್ದದ್ದು ಒಂದೂ ಉಳಿದಿರಲಿಲ್ಲ.

ಆ ತರುಣಿ ನನ್ನ ಮನೆಗೆ ಬಂದದ್ದು ಹಾಗೆ. ಹಳೆಯ ಮುದ್ರಣಾಲಯದವರ ಬಳಿ ಏನಾದರೂ ಇರಬಹುದೆಂದು ಯಾರೋ ಹೇಳಿದ್ದರಂತೆ. ಬಂದವಳು ಮೊದಲ ಮಾತಿಗೇ ನನ್ನನ್ನು ‘ಅಜ್ಜಾರ’ ಎಂದು ಕರೆದಳು. ನನಗಿಂತ ಎರಡು ವರ್ಷ ದೊಡ್ಡವರಾದ ಪೇಂಟರರನ್ನು ಅವಳು ‘ಕಾಕಾ’ ಎನ್ನುತ್ತಿದ್ದಳು. ಇದನ್ನು ಗಮನಿಸಿದೆ.

‘ಕಾಕಾರ ಉಂಡು ನಾಕ ದಿನಾತ್ರಿ ಅಜ್ಜಾರ. ಉಸಿರಿನ ಬ್ಯಾನಿ ಮೊದಲ ಐತಿ. “ನನ್ನ ಕೈ ಸತ್ತೈತಿ, ಅಕ್ಷರ ಉಳೀತಾವ ಅಂತಿದ್ದೆ; ಈಗ ಅವೂ ನನ್ನವಲ್ಲಂತ” ಅಂತಾರ. ಅವರು ಇರೂದ್ರಾಗ ಇದು ಇತ್ಯರ್ಥ ಆಗಬೇಕ್ರಿ.’

ಫ್ಲೆಕ್ಸ್ ಅಂಗಡಿಯವನ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಕನ್ನಡಕ ಏರಿಸಿ ನೋಡಿದೆ. ಅವನ ಲಕಾರದ ಎಡಗಡೆಯ ಕೆಳಬದಿಯಲ್ಲಿ ಭತ್ತದ ಕಾಳಿನಷ್ಟು ಒಂದು ಕಚ್ಚು ಇತ್ತು. ಲಕಾರ ಬಂದಲ್ಲೆಲ್ಲ ಅದೇ ಕಚ್ಚು.

ಆ ಕಚ್ಚು ನನಗೆ ನನ್ನ ಅಂಗೈಯ ರೇಖೆಯಷ್ಟು ಪರಿಚಿತ. ‘ಲಗ್ನಪತ್ರಿಕೆ’ ಎಂಬ ನನ್ನ ಸತುವಿನ ಬ್ಲಾಕು ಒಮ್ಮೆ ಕೈಜಾರಿ ಯಂತ್ರದ ಕಾಲಿಗೆ ಬಡಿದಿತ್ತು. ಲಗ್ನದ ಗಡಿಬಿಡಿಯ ಕಾಲ. ಇನ್ನೊಂದು ಬ್ಲಾಕು ಮಾಡಿಸಲಾಗದೆ ಅದರಲ್ಲೇ ಅಚ್ಚು ಹಾಕುತ್ತ ಹೋಗಿದ್ದೆ. ಅಂಗಡಿಯವನು ಅಕ್ಷರಗಳನ್ನು ಕದ್ದದ್ದು ಪೇಂಟರರ ಬೋರ್ಡಿನಿಂದಲ್ಲ, ನನ್ನ ಪತ್ರಿಕೆಗಳಿಂದ. ಗಾಯವನ್ನೂ ಅಕ್ಷರದ ಭಾಗವೆಂದೇ ತಿಳಿದು ನಿಷ್ಠೆಯಿಂದ ನಕಲು ಮಾಡಿದ್ದ. ಅವುಗಳ ಮೂಲೆಯಲ್ಲಿ ಯಾರ ಹೆಸರೂ ಇರಲಿಲ್ಲವಾದ್ದರಿಂದ ತನ್ನ ಹೆಸರು ಹಚ್ಚಿಕೊಂಡಿದ್ದ.

‘ಏನರ ಸಿಕ್ಕೀತೇನ್ರಿ ಅಜ್ಜಾರ?’

‘ನೋಡೋಣಂತ,’ ಎಂದೆ. ಚಹಾ ಕುಡಿಸಿ ಕಳುಹಿಸಿದೆ.

ಎಂಟು ದಿನ ಸುಮ್ಮನಿದ್ದೆ. ಹಾಳೆ ಕೊಟ್ಟರೆ ಅಂಗಡಿಯವನ ಕಳವಿನ ಜೊತೆಗೆ ನನ್ನದೂ ಹೊರಬೀಳುತ್ತಿತ್ತು. ಕೊಡದಿದ್ದರೆ ಗೊತ್ತಾಗುವ ದಾರಿಯೇ ಇರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅವಮಾನದ ಕಡತವನ್ನು ತೆಗೆದೆ. ಕೊಡುವ ಉದ್ದೇಶದಿಂದಲ್ಲ, ಆ ಮೊದಲ ಸಾಲನ್ನು ಇನ್ನೊಮ್ಮೆ ಓದಿ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲೆಂದು. ಮಡಿಕೆ ಬಿಚ್ಚಿದೆ. ಹೆಣ ಮಲಗಿಸಿದಂಗ, ಎಂಬಲ್ಲಿಗೆ ಕಣ್ಣು ನಿಲ್ಲಲಿಲ್ಲ. ಮುಂದೆ ಹೀಗಿತ್ತು:

‘ಸಿಟ್ಟಾಗಬ್ಯಾಡ್ರಿ. ಇವು ನನ್ನ ಎಲ್ಲಾ ಅಕ್ಷರ. ಬೇಕಾದ್ರ ತಗೊಂಡು ಅಚ್ಚು ಹಾಕ್ರಿ, ತಿದ್ರಿ, ಯಾರು ಕೇಳಿದ್ರೂ ಕೊಡ್ರಿ. ನನ್ನ ತಕರಾರಿಲ್ಲ. ಮೂಲಿ ಅಷ್ಟ ಬಿಡಬ್ಯಾಡ್ರಿ.’

ಪ್ರೂಫನ್ನು ಮೂರು ಸಲ ಓದುವವನೆಂದು ಮೇಲೆ ಬರೆದುಕೊಂಡಿದ್ದೇನೆ. ಈ ಒಂದು ಕಾಗದವನ್ನು ಒಂದು ಸಲವೂ ಪೂರ್ತಿ ಓದಿರಲಿಲ್ಲ. ಅವರು ಕೊಟ್ಟದ್ದನ್ನು ನಾನು ಕದ್ದಿದ್ದೆ. ಮೂಲೆಯೊಂದನ್ನು ಉಳಿಸಿದ್ದರೆ ಕದಿಯುವ ಪ್ರಸಂಗವೇ ಇರಲಿಲ್ಲ.

ಹತ್ತರ ಬಸ್ಸಿಗೆ ತಾಳಿಕೋಟೆಗೆ ಹೋದೆ. ತರುಣಿಗೆ ಫೋನು ಮಾಡಿದ್ದೆ. ನನಗಿಂತ ಮೊದಲೇ ಬಂದಿದ್ದಳು. ಪೇಂಟರರು ಹೊರಸಿನ ಮೇಲೆ ದಿಂಬಿಗೆ ಒರಗಿದ್ದರು. ನಾನು ಹಾಳೆಯನ್ನು ಅವರ ಮೊಣಕಾಲ ಮೇಲೆ ಹಾಸಿದೆ. ಅವರು ಅಕ್ಷರಗಳನ್ನು ಒಂದೊಂದಾಗಿ ನೋಡಿದರು. ಅನಂತರ ಆ ಮಡಿಕೆಯ ಗೆರೆಯ ಮೇಲೆ ನಡುಗುವ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು ಸಪಾಟು ಮಾಡಿದರು.

‘ಇಷ್ಟ ವರ್ಷ ಜ್ವಾಕಿ ಮಾಡಿ ಇಟ್ಟೀರೇನ್ರಿ ರಾಯರ?’

‘ಅವಮಾನದ ಕಡತದೊಳಗ ಇಟ್ಟಿದ್ದೆ.’

ಅವರು ನಕ್ಕರು, ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ‘ಹಂಗಾರ ಬೈದದ್ದ ಚಲೋ ಆತು. ಹೊಗಳಿದ್ರ ಎಂದೋ ಕಳದಿರ್ತಿದ್ರಿ.’

ಬ್ಲಾಕಿನ ವಿಷಯವನ್ನೂ ಕಚ್ಚಿನ ವಿಷಯವನ್ನೂ ಆ ತರುಣಿಯ ಎದುರೇ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿದಳು. ಪೇಂಟರರ ಮುಖದಲ್ಲಿ ಯಾವ ಬೆರಗೂ ಇರಲಿಲ್ಲ.

‘ನನಗ ಗೊತ್ತಿಲ್ಲೇನ್ರಿ? ಇಂಡಿಯಿಂದ, ಸಿಂದಗಿಯಿಂದ ಲಗ್ನಪತ್ರಿಕಿ ಬರ್ತಿದ್ದವು ನಮ್ಮನಿಗೆ. ಎಲ್ಲಾ ನನ್ನ ಕೈನ.’

‘ಮತ್ತ ಕೇಳಬೇಕಾಗಿತ್ತಲ್ಲ?’

‘ಕೇಳಿದ್ನಲ್ರಿ. ಮೂಲಿ ಖಾಲಿ ಐತಿ ಅಂದಿದ್ದೆ.’

‘ಎರಡನೇ ಸಲ ಕೇಳಬೇಕಾಗಿತ್ತು.’

‘ಕುರಿ ತಪ್ಪಿಸಿಕೊಂಡ್ರ ಹತ್ತ ಊರು ಹುಡಕಬೌದ್ರಿ,’ ಎಂದರು ಪೇಂಟರರು. ‘ಗುರುತು ಒರಸಿದವ್ರ ಬಾಗಿಲಿಗೆ ಎಷ್ಟ ಸಲ ಹೋಗೂದು?’

ನಾನು ಕ್ಷಮೆ ಕೇಳಿದೆ. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಸೊಸೆಯನ್ನು ಕರೆದು, ‘ರಾಯರಿಗೆ ಚಾ ಮಾಡವ್ವಾ, ಬಿಸಿಲಾಗ ಬಂದಾರ’ ಎಂದರು.

ತರುಣಿ ಹಾಳೆಯ ಚಿತ್ರ ತೆಗೆದುಕೊಂಡಳು. ಕಚ್ಚುಬಿದ್ದ ಲಕಾರವಿದ್ದ ಪತ್ರಿಕೆಗಳನ್ನೂ ನಾನು ಒಯ್ದಿದ್ದೆ. ಹೇಳಿಕೆಯನ್ನು ನಾಲ್ಕು ಪುಟ ಬರೆದೆ, ಒಂದು ಪುಟ ಸಾಕೆಂದಳು, ನಾಲ್ಕನ್ನೂ ಕಳುಹಿಸಬೇಕೆಂದೆ. ಆಗ ಹೊರಟಿದ್ದ ಇನ್ನೊಂದು ಮಾತನ್ನೂ ಇಲ್ಲಿ ದಾಖಲಿಸಬೇಕು. ಪರವಾನಗಿಯಲ್ಲಿ ಆ ಅಂಗಡಿಯವನೊಬ್ಬನನ್ನು ಹೊರಗಿಡುವ ಒಂದು ಸಾಲು ಸೇರಿಸಿರೆಂದು ನಾನು ಒತ್ತಾಯಿಸಿದೆ. ಕಳ್ಳನಿಗೆ ಅದೇ ಮಾಲನ್ನು ತಟ್ಟೆಯಲ್ಲಿಟ್ಟು ಕೊಡುವುದು ನನ್ನ ನ್ಯಾಯಕ್ಕೆ ಒಪ್ಪುವುದಿಲ್ಲ, ಇಂದಿಗೂ ಒಪ್ಪಿಲ್ಲ.

‘ಹಂಗ ಬರೀಬ್ಯಾಡ ಯವ್ವಾ,’ ಎಂದು ಪೇಂಟರರು ತರುಣಿಗೆ ಹೇಳಿ, ನನ್ನ ಕಡೆ ತಿರುಗಿದರು. ‘ಎಲ್ಲಾರಿಗೂ ಅಂದ್ರ ಎಲ್ಲಾರಿಗೂ. ಮೂಲಿ ಹಚ್ಚಿಕೊಂಡು ಅಂವಾನೂ ಬರಕೊಳ್ಳಲಿ. ಅಂವನ್ನ ಬಿಟ್ಟು ಅಂದ್ರ ನಿಮ್ಮನ್ನೂ ಬಿಟ್ಟ ಆತಲ್ರಿ ರಾಯರ?’

ಆ ಸಾಲು ಪರವಾನಗಿಗೆ ಸೇರಲಿಲ್ಲ.

ಮೂರು ವಾರಗಳಲ್ಲಿ ಫಾಂಟು ಮರಳಿ ಜಾಲತಾಣಕ್ಕೆ ಬಂತು. ಅಂಗಡಿಯವನ ವಕೀಲರಿಂದ ಮತ್ತೆ ಕಾಗದ ಬರಲಿಲ್ಲ. ಫಾಂಟಿನ ಜೊತೆಯಲ್ಲಿ ಈಗ ಆ ಹಾಳೆಯ ಚಿತ್ರವೂ ಇದೆ. ‘ಪ್ರೆಸ್ಸಿನವರಿಗೆ’, ‘ಹೆಣ ಮಲಗಿಸಿದಂಗ’ ಎಂಬವೂ ಅದರಲ್ಲಿವೆ. ಲೋಕದಲ್ಲಿ ಯಾರು ಬೇಕಾದರೂ ಓದಿಕೊಳ್ಳಬಹುದು.

ಪೇಂಟರರು ಆಮೇಲೆ ನಾಲ್ಕು ತಿಂಗಳು ಬದುಕಿದ್ದರು. ಬಾಗೇವಾಡಿ ಕಡೆಯ ಒಂದು ಶಾಲೆಯವರು ಮಕ್ಕಳಿಗಾಗಿ ಆ ಅಕ್ಷರದಲ್ಲಿ ಓದುವ ಹಾಳೆಗಳನ್ನು ಮಾಡಿದ್ದರು. ತರುಣಿ ಒಂದನ್ನು ತಂದು ತೋರಿಸಿದಾಗ ನಾನೂ ಅಲ್ಲಿದ್ದೆ. ಅವರು ಅದನ್ನು ಎದುರಿನ ಗೋಡೆಗೆ ಹಚ್ಚಿಸಿ, ಹಾಲು ಕೊಡಲು ಬಂದಿದ್ದ ನೆರೆಮನೆಯ ಹೆಣ್ಣುಮಗಳನ್ನು ಕರೆದರು. ‘ನಿನಗ ಓದಾಕ ಬರೂದಿಲ್ಲಲ್ಲಾ? ಚಲೋ ಆತು. ಯಾ ಅಕ್ಷರ ಕುಂಟಾಕತ್ತೈತಿ ಹೇಳು.’ ಆಕೆ ಣಕಾರಕ್ಕೆ ಬೆರಳು ಮಾಡಿದಳು. ತರುಣಿ ಅಲ್ಲೇ ಕಂಪ್ಯೂಟರ್ ತೆರೆದು ತಿದ್ದಿದಳು. ಪೇಂಟರರು ನನ್ನತ್ತ ನೋಡಿ ಹುಬ್ಬೇರಿಸಿದರು. ನಾನು ಆ ಹಾಳೆಯನ್ನು ಓದಿ ಮುಗಿಸಿದ್ದೆ, ನೋಡಿರಲಿಲ್ಲ.

ಅವರ ಮೂಲ ಹಾಳೆ ಮತ್ತೆ ನನ್ನಲ್ಲಿದೆ, ಅದೇ ಕಡತದಲ್ಲಿ. ಅವಮಾನ ಅವಮಾನವೇ. ಮಡಿಕೆಯನ್ನು ಮಾತ್ರ ಬಿಚ್ಚಿಟ್ಟಿದ್ದೇನೆ.

ಈಗ ದಿನವೂ ಬೆಳಿಗ್ಗೆ ಎರಡು ತಾಸು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಆ ಬ್ಲಾಕುಗಳಿಂದ ನಾನು ಅಚ್ಚು ಹಾಕಿದ ಪತ್ರಿಕೆಗಳ ಕಡತದ ಪ್ರತಿಗಳನ್ನು ಒಂದೊಂದಾಗಿ ತೆಗೆದು, ಬಲಗಡೆಯ ಕೆಳಮೂಲೆಯಲ್ಲಿ ಪೆನ್ನಿನಿಂದ ಎರಡು ಹೆಸರು ಬರೆಯುತ್ತಿದ್ದೇನೆ. ಮೇಲೆ ಇಂಡಿಯ ಗುರುಗಳದು, ಕೆಳಗೆ ಅವರದು. ಜನರ ಮನೆಗಳಿಗೆ ಹೋದ ಪ್ರತಿಗಳು ಎಲ್ಲಿವೆಯೋ. ಅವುಗಳ ಮೂಲೆಗಳು ಖಾಲಿಯಾಗಿಯೇ ಉಳಿದಾವು. ನನ್ನ ಕೈಗೆ ಎಟಕುವಷ್ಟನ್ನು ಮಾಡುತ್ತಿದ್ದೇನೆ.

ಕಳೆದ ವಾರ ಮಗಳು ಬಂದಿದ್ದಳು. ನಾನು ಹಿಡಿದಿದ್ದ ಪತ್ರಿಕೆಯನ್ನು ಗುರುತಿಸಿ ಹತ್ತಿರ ಬಂದಳು.

‘ಅಪ್ಪಾ, ಇದು ನನ್ನ ಲಗ್ನಪತ್ರಿಕಿ ಅಲ್ಲೇನು? ಇಷ್ಟ ವರ್ಷದ ಮ್ಯಾಲೆ ಇದರ ಮ್ಯಾಲೆ ಏನು ಬರೀಲಿಕ್ಕೆ ಹತ್ತೀರಿ?’

‘ಅಚ್ಚಿನ ತಪ್ಪು ಒಂದು ಉಳಿದಿತ್ತು,’ ಎಂದೆ. ‘ತಿದ್ದಲಿಕ್ಕೆ ಹತ್ತೇನಿ.’